ಮೊಲವೂ ಗುರುಗುಟ್ಟುತ್ತದೆ

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂದು ಹಟಮಾರಿಗಳನ್ನು ಹಿರಿಯರು ಬೈಯುವುದನ್ನು ಕೇಳಿದ್ದೀರಿ. ಮೊಲ ಬಾಯಿಲ್ಲದ ಸಾಧುಪ್ರಾಣಿ ಎನ್ನುವುದೂ ಅಂಥದೇ ಹಟ. ಫ್ಲ್ಯಾಟಿನಲ್ಲಿ ಜೋಡಿಮೊಲ ಸಾಕಿದವರನ್ನು ಕೇಳಿ. ಒಂದನ್ನೊಂದು ನೆಕ್ಕುತ್ತ ಮಲಗುತ್ತಿದ್ದವು ಒಂದು ದಿನ ‘ಗುರ್’ ಎನ್ನುತ್ತವೆ, ಬೆನ್ನೇರುತ್ತವೆ, ಅಟ್ಟಾಡಿಸುತ್ತವೆ.

ಗಾಬರಿಯಿಂದ ಬೇರೆ ಬೇರೆ ಗೂಡಿಗೆ ಹಾಕಬೇಡಿ. ಹಾಗೆ ಅಗಲಿಸಿದರೆ ನಂಟೇ ಹರಿದೀತು. ಮತ್ತೆ ಮೊದಲಿನಿಂದ ಒಗ್ಗಿಸಬೇಕು. ಆಪರೇಶನ್ ಆದ ಜೋಡಿಯಲ್ಲಿ ಬೆನ್ನೇರುವುದು ಹೆಚ್ಚಾಗಿ ಯಜಮಾನಿಕೆಯ ಲೆಕ್ಕ, ಹೆಣ್ಣೂ ಏರುತ್ತದೆ. ಇನ್ನೊಂದರ ಮುಂದೆ ತಲೆ ತಗ್ಗಿಸಿ ಕೂತದ್ದು ಸೋತಿತೆಂದು ತಿಳಿಯಬೇಡಿ. ಸಾಮಾನ್ಯವಾಗಿ ಅದೇ ಯಜಮಾನ! ‘ನನ್ನ ಹಣೆ ನೆಕ್ಕು’ ಎಂದು ಅಪ್ಪಣೆ ಮಾಡುತ್ತಿರುತ್ತದೆ.

ಗುರುಗುಟ್ಟಲು ಕಾರಣ ಹುಡುಕಿ. ಒಂದನ್ನೇ ಡಾಕ್ಟರ ಬಳಿ ಒಯ್ದಿದ್ದಿರಾ? ಆಸ್ಪತ್ರೆಯ ವಾಸನೆ ಹೊತ್ತು ಬಂದದ್ದು ಇನ್ನೊಂದಕ್ಕೆ ಅಪರಿಚಿತ. ಮುಂದಿನ ಸಲ ಎರಡನ್ನೂ ಒಯ್ಯಿರಿ. ಹೆಣ್ಣು ಬಾಯಲ್ಲಿ ಒಣಹುಲ್ಲು ಹೊತ್ತು, ಎದೆಯ ರೋಮ ಕಿತ್ತು ಹಾಸಿಕೊಳ್ಳುತ್ತಿದ್ದರೆ ಬಸಿರಿರಬಹುದು. ಸುಳ್ಳುಬಸಿರೂ ಇರಬಹುದು, ಅದು 16-18 ದಿನಗಳಲ್ಲಿ ತಾನೇ ಇಳಿಯುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆಗದ ಜೋಡಿಯಲ್ಲಿ ಇಂಥ ರಗಳೆ ಮರುಕಳಿಸುತ್ತಲೇ ಇರುತ್ತದೆ. ಮಾಡಿಸಿದ ಮೇಲೂ ಹಾರ್ಮೋನು ತಣಿಯಲು ಕೆಲವು ವಾರ ಬೇಕು.

ಶಾಂತವಾಗಿದ್ದ ಮೊಲ ಸುಮ್ಮಸುಮ್ಮನೆ ಗುರುಗುಟ್ಟಿದರೆ ಎಲ್ಲೋ ನೋವಿರಬಹುದು. ಜೊತೆಗೆ ಮೇವನ್ನೂ ಬಿಟ್ಟಿದ್ದರೆ ಅದೇ ದಿನ ಡಾಕ್ಟರಿಗೆ ತೋರಿಸಿ. ಎರಡೂ ಬುಗುರಿಯಂತೆ ಸುತ್ತುತ್ತ ಕಚ್ಚಾಡಿ ರೋಮದ ಕಂತೆ ಹಾರಿದರೆ ಮಾತ್ರ ಕೂಡಲೇ ಬಿಡಿಸಿ. ಆಗ ಬರಿಗೈ ಹಾಕಬೇಡಿ, ನಡುವೆ ದಪ್ಪ ಟವೆಲು ಎಸೆಯಿರಿ.