ಸರ್ ವಿಲಿಯಂ ವಿಂಡಮ್
ಸಾಮರ್ಸೆಟ್ ಸೀಮೆಯ ಜಮೀನುದಾರನಾದ ಸರ್ ವಿಲಿಯಂ ವಿಂಡಮನು 1713ರಲ್ಲಿ ಇಂಗ್ಲೆಂಡಿನ ಆನ್ ರಾಣಿಯ ಅರ್ಥಸಚಿವನಾದನು. ಮರುವರ್ಷ ಮೊದಲನೆಯ ಜಾರ್ಜನು ಪಟ್ಟವೇರಲು ಪದವಿ ಹೋಯಿತು. 1715ರಲ್ಲಿ, ಪದಚ್ಯುತ ಸ್ಟೂವರ್ಟ್ ವಂಶದ ಪರವಾಗಿ ಒಳಸಂಚು ನಡೆಸಿದನೆಂದು ರಾಜಪುರುಷರು ಮನೆಗೇ ಬಂದರು. ಗರ್ಭಿಣಿಯಾದ ಮಡದಿಗೆ ಹೇಳಿ ಬರುವೆನೆಂದು ಮಾತು ಕೊಟ್ಟು ಒಳಹೊಕ್ಕವನು ಮತ್ತೊಂದು ಬಾಗಿಲಿನಿಂದ ಪಲಾಯನಮಾಡಿದನು! ಮಡದಿಯ ಹೆಸರಿನಲ್ಲಿ ಕೊಟ್ಟ ಮಾತನ್ನು ಮುರಿದುದನ್ನು ನಾವು ಮೆಚ್ಚೆವು. ಹಿಡಿದವರಿಗೆ 1000 ಪೌಂಡೆಂದು ಸಾರಿದ ಮೇಲೆ ತಾನೇ ಶರಣಾದನು. ಜಾಮೀನು ನಿಲ್ಲಲು ಬಂದ ಮಾವ ಸಾಮರ್ಸೆಟ್ ಡ್ಯೂಕನಿಗೆ ಅರಸನ ಅಶ್ವಾಧ್ಯಕ್ಷಪದವಿಯೇ ತಪ್ಪಿತು. ಅಳಿಯಂದಿರ ಭಾರ ಎಲ್ಲ ದೇಶಗಳಲ್ಲಿಯೂ ಒಂದೇ! 1716ರಲ್ಲಿ ವಿಚಾರಣೆಯಿಲ್ಲದೆಯೇ ಬಿಡುಗಡೆಯಾಯಿತು. ಆದರೆ ಮಂತ್ರಿ ವಾಲ್ಪೋಲನಿಗೆ ಸಭೆಯಲ್ಲಿ ವರ್ಷಗಟ್ಟಲೆ ಎದುರುನಿಂತು, ಪಾರ್ಲಿಮೆಂಟಿನ ಏಳು ವರ್ಷಗಳ ಅವಧಿಯ ಶಾಸನವನ್ನು ತೆಗೆದುಹಾಕಬೇಕೆಂದು 1734ರಲ್ಲಿ ವಾದಿಸಿದವನೂ ಈತನೇ. ಸೋತನು. 1740ರಲ್ಲಿ ತೀರಿಕೊಳ್ಳುವವರೆಗೆ ಮತ್ತೆ ಪದವಿ ಬರಲಿಲ್ಲ.