ಹಳ್ಳದಲ್ಲಿ ಕಡಲಿನ ಪಾಠ

‘ನದಿಯ ನೀರು ವ್ಯರ್ಥವಾಗಿ ಸಮುದ್ರ ಸೇರುತ್ತಿದೆ’ ಎಂಬ ಮಾತನ್ನು ಬೇಡ್ತಿ–ವರದಾ ಜೋಡಣೆಯ ಚರ್ಚೆ ಎದ್ದಾಗಲೆಲ್ಲ ಕೇಳುತ್ತೇವೆ. ಹಿರಿಯರು ಮನವಿಪತ್ರ, ಸಮಾವೇಶಗಳ ಮೂಲಕ ಉತ್ತರಿಸುತ್ತ ಬಂದಿದ್ದಾರೆ. ನಮ್ಮ ಶಾಲೆಯ ಮಕ್ಕಳು ಏನು ಉತ್ತರಿಸಿಯಾರು? ಘಟ್ಟದ ಮೇಲಿನ ಮಗುವಿಗೆ ಕಡಲೆಂದರೆ ಪ್ರವಾಸದಲ್ಲಿ ಕಂಡ ಗೋಕರ್ಣದ ಅಲೆ, ಅಷ್ಟೆ. ಕಡಲಿನ ಸಂರಕ್ಷಣೆ ಕರಾವಳಿಯವರ ಪಾಠವೆಂದು ನಾವೇ ಬಿಟ್ಟುಕೊಟ್ಟಿದ್ದೇವೆ.

ಈ ಪಾಠಕ್ಕೆ ಎಕ್ಕಂಬಿಯಂತಹ ಊರೇ ತಕ್ಕುದು. ಶಿರಸಿ ತಾಲೂಕಿನ ಮಳೆ ಎರಡು ಕಡಲುಗಳಿಗೆ ಹಂಚಿಹೋಗುತ್ತದೆ. ಬೇಡ್ತಿಯು ಗಂಗಾವಳಿಯಾಗಿ ಅರಬ್ಬೀ ಸಮುದ್ರಕ್ಕಿಳಿದರೆ, ವರದೆಯು ಬನವಾಸಿಯನ್ನು ಬಳಸಿ ಪೂರ್ವಕ್ಕೆ ಹರಿದು, ತುಂಗಭದ್ರೆ ಕೃಷ್ಣೆಯರೊಡನೆ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಶಾಲೆಯ ಸೂರಿನ ನೀರು ಯಾವ ಹಳ್ಳ ಸೇರಿತು, ಆ ಹಳ್ಳ ಎತ್ತ ತಿರುಗಿತು ಎಂಬುದನ್ನು ಮಕ್ಕಳು ನಡೆದು ನೋಡಿ, ಸರ್ವೇ ನಕ್ಷೆಯ ಮೇಲೆ ಗೆರೆ ಎಳೆದು ಕಂಡುಕೊಳ್ಳಲಿ. ಶಿಕ್ಷಕರು ಮೊದಲೇ ಉತ್ತರ ಹೇಳದಿದ್ದರೆ ಸಾಕು.

ಮುಂದಿನದು ಅಳತೆ. ಮಳೆಗಾಲದುದ್ದಕ್ಕೂ ವಾರಕ್ಕೊಮ್ಮೆ ಒಂದೇ ಸ್ಥಳದಲ್ಲಿ ಬಾಟಲಿಯಲ್ಲಿ ನೀರು ಹಿಡಿದು, ಒಂದು ದಿನ ಅಲುಗಿಸದೆ ಇಟ್ಟು, ತಳದಲ್ಲಿ ನಿಂತ ಕೆಸರನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಡಬೇಕು. ಕಾಡಿನ ಹಳ್ಳಕ್ಕೂ ಬೋಳು ಗುಡ್ಡದ ಹಳ್ಳಕ್ಕೂ ಇರುವ ಅಂತರ ಆಗ ತಾನಾಗಿಯೇ ಗೋಚರಿಸುತ್ತದೆ. ಆ ಕೆಸರಿನಲ್ಲಿ ನಮ್ಮ ತೋಟವೂ ಇದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣದ 100 ಲೀಟರಿಗೆ 1 ಕಿಲೋ ಮೈಲುತುತ್ತ ಬೇಕು. ಅದರಲ್ಲಿ ಸುಮಾರು 250 ಗ್ರಾಂ ತಾಮ್ರ. ತಾಮ್ರವು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವ ಧಾತು. ಮಣ್ಣು ತೋಟದಲ್ಲಿ ನಿಂತರೆ ಅದೂ ಬಹುಪಾಲು ನಿಲ್ಲುತ್ತದೆ, ಕೊಚ್ಚಿಹೋದರೆ ಜೊತೆಗೇ ಹೋಗುತ್ತದೆ. ಚಿಪ್ಪುಜೀವಿಗಳ ಮರಿಗಳಿಗೆ ಅದು ಅಲ್ಪ ಪ್ರಮಾಣದಲ್ಲಿಯೂ ವಿಷ. (ಔಷಧಿ ಹೊಡೆಯುವುದೇ ಬೇಡವೆಂದಲ್ಲ. ಕೊಳೆಯ ಹೊಡೆತ ಕಂಡವರಾರೂ ಹಾಗೆನ್ನಲಾರರು.)

ಇಷ್ಟಾದ ಮೇಲೆ ಘಟ್ಟ ಇಳಿಯಬೇಕು. ಶಿರಸಿಯಲ್ಲಿಯೇ ಹುಟ್ಟಿ, ಅಣೆಕಟ್ಟಿಲ್ಲದೆ ಕಡಲು ಸೇರುವ ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿತು. ಅಲ್ಲಿನ ಬಳಚು ಬದುಕುವುದು ಸಿಹಿನೀರು ಉಪ್ಪುನೀರು ಬೆರೆಯುವುದರಿಂದ. ಗಜನಿಯ ಉಪ್ಪನ್ನು ಮಳೆಗಾಲದ ನೀರು ತೊಳೆದಾಗಲೇ ಕಗ್ಗ ಭತ್ತ ಬೆಳೆಯುತ್ತದೆ. ಇಳಿತದ ಹೊತ್ತಿನಲ್ಲಿ ಬಳಚು ಹೆಕ್ಕುವವರ ಜೊತೆ ಒಂದು ಬೆಳಗು ಕಳೆದ ವಿದ್ಯಾರ್ಥಿಯು ‘ವ್ಯರ್ಥ’ ಎಂಬ ಪದವನ್ನು ಅಷ್ಟು ಸುಲಭವಾಗಿ ಒಪ್ಪಲಾರ.

ಹೊನ್ನಾವರದ ತೀರದಲ್ಲಿ ಕಡಲಾಮೆಯ ಮರಿಗಳನ್ನು ಬಿಡುವಾಗ ಮಕ್ಕಳನ್ನು ಕರೆದೊಯ್ಯುವುದು ಒಳ್ಳೆಯದೇ. ಆದರೆ ಛಾಯಾಚಿತ್ರಕ್ಕೆ ನಿಲ್ಲುವುದು ಪಾಲ್ಗೊಳ್ಳುವಿಕೆಯಲ್ಲ. ಮರಿಗಳು ಬೆಳಕಿನತ್ತ ಸಾಗುವುದರಿಂದ ಟಾರ್ಚು, ಮೊಬೈಲುಗಳ ಬೆಳಕು ಅವುಗಳ ದಿಕ್ಕು ತಪ್ಪಿಸುತ್ತದೆ.

ಅದಕ್ಕಿಂತ, ಅಳಿವೆಯ ಬದಿಯ ಶಾಲೆಯೊಂದು ಅದೇ ವಾರಗಳಲ್ಲಿ ನೀರಿನ ಉಪ್ಪಿನಂಶವನ್ನು ದಾಖಲಿಸಲಿ, ಘಟ್ಟದ ಮೇಲಿನ ಶಾಲೆ ಕೆಸರನ್ನು ದಾಖಲಿಸಲಿ. ದೀಪಾವಳಿಯ ಹೊತ್ತಿಗೆ ಎರಡೂ ಶಾಲೆಗಳು ಪುಸ್ತಕ ಬದಲಾಯಿಸಿಕೊಳ್ಳಲಿ. ನಮ್ಮ ಕಡೆಯ ಇಕೋ ಕ್ಲಬ್‌ಗಳಿಗೆ ಇದಕ್ಕೆ ಬೇಕಾದುದು ಬಾಟಲಿ, ಅಳತೆಪಟ್ಟಿ, ನೂರು ಪುಟದ ಒಂದು ನೋಟ್‌ಬುಕ್ಕು. ಜೊತೆಗೆ ಜೂನ್ ತಿಂಗಳ ಮೊದಲ ಮಳೆಗೇ ಹಳ್ಳಕ್ಕೆ ಹೊರಡಲು ಸಿದ್ಧರಿರುವ ಒಬ್ಬ ಶಿಕ್ಷಕರು.