ಆಫ್ ಮಾಡಿ ಆನ್ ಮಾಡಿ ಎಂಬ ಮಹಾಮಂತ್ರ

“ಒಂದು ಸಲ ಆಫ್ ಮಾಡಿ ಆನ್ ಮಾಡಿ ನೋಡಿ ಸರ್.” ಮನೆಯ ಅಂತರ್ಜಾಲ ಸಂಪರ್ಕ ಕಡಿದುಹೋದಾಗ ಸಹಾಯವಾಣಿಯಿಂದ ದೊರೆಯುವ ಉತ್ತರ ಇದೊಂದೇ. ಜ್ವರ ಬಂದರೂ ಅದೇ ಮಾತ್ರೆ, ಕಾಲು ಮುರಿದರೂ ಅದೇ ಮಾತ್ರೆ. ನಾನು ಈ ಮಂತ್ರದ ಕಡು ವಿರೋಧಿ. ಬೆಂಗಳೂರಿನಲ್ಲೋ ಡಲ್ಲಾಸಿನಲ್ಲೋ ಕುಳಿತು, ಊರಿನಲ್ಲಿರುವ ತಂದೆತಾಯಿಗಳಿಗೆ “ನೀವೇನೂ ಮುಟ್ಟಬೇಡಿ, ದೀಪಾವಳಿಗೆ ಬಂದಾಗ ನಾನೇ ನೋಡುತ್ತೇನೆ” ಎನ್ನುವ ನನ್ನ ಕೆಲವು ಶಿಷ್ಯರ ವಿರೋಧಿಯೂ ಹೌದು. ಕಂಪನಿಯದೂ ಮಗನದೂ ನಂಬಿಕೆ ಒಂದೇ: ವಯಸ್ಸಾದವರಿಗೆ ಇದು ತಿಳಿಯುವುದಿಲ್ಲ, ಆದ್ದರಿಂದ ತಿಳಿಸುವ ಅಗತ್ಯವೂ ಇಲ್ಲ.

ಎಂಟನೆಯ ತರಗತಿಯಲ್ಲಿ ಒಣಕೋಶ, ತಂತಿ, ಟಾರ್ಚಿನ ಬಲ್ಬು ಇವನ್ನು ಜೋಡಿಸಿ ನಾವು ವಿದ್ಯುನ್ಮಂಡಲ ಮಾಡುತ್ತಿದ್ದುದು ನಿಮಗೆ ನೆನಪಿರಬಹುದು. ಬಲ್ಬು ಹೊತ್ತದಿದ್ದಾಗ “ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟು” ಎಂದು ನಾನು ಯಾರಿಗೂ ಹೇಳಿದ್ದಿಲ್ಲ. ಕೋಶವನ್ನು ಬೇರೆ ಬಲ್ಬಿಗೆ ತಾಗಿಸಿ ನೋಡು, ಅದು ಸರಿಯಿದೆಯೆ? ಹಾಗಿದ್ದರೆ ತಂತಿಯನ್ನು ನೋಡು. ದೋಷ ಎಲ್ಲಿಲ್ಲ ಎಂಬುದನ್ನು ಒಂದೊಂದಾಗಿ ತಿಳಿಯುತ್ತ ಹೋದರೆ ಎಲ್ಲಿದೆ ಎಂಬುದು ತಾನಾಗಿ ಉಳಿಯುತ್ತದೆ. ಅಂತರ್ಜಾಲಕ್ಕೂ ಬೇಕಾದುದು ಇಷ್ಟೇ ವಿವೇಕ. ಕೈಯಲ್ಲಿರುವ ಫೋನಿನಿಂದ ಗೋಡೆಯ ಮೇಲಿನ ಪೆಟ್ಟಿಗೆಯವರೆಗೆ ಒಂದು ತುಂಡು, ಪೆಟ್ಟಿಗೆಯಿಂದ ಕಂಪನಿಯ ಕೇಂದ್ರದವರೆಗೆ ಗಾಜಿನ ಎಳೆಯ ಇನ್ನೊಂದು ತುಂಡು, ಅದರಾಚೆಗೆ ಲೋಕ. ಕಡಿದಿರುವುದು ಈ ಮೂರರಲ್ಲಿ ಯಾವುದು?

ಉತ್ತರವನ್ನು ಆ ಪೆಟ್ಟಿಗೆಯೇ ಹೇಳುತ್ತದೆ. ಓದಲು ಕಲಿಸಿದವರಿಲ್ಲ ಅಷ್ಟೆ. ಅದರ ಮೇಲೆ ಎಲ್.ಓ.ಎಸ್. ಎಂದು ಬರೆದಿರುವ ಒಂದು ಸಣ್ಣ ದೀಪವಿದೆ. ಅದು ಕೆಂಪಗೆ ಮಿನುಗಿದರೆ ಕೇಂದ್ರದಿಂದ ಬರಬೇಕಾದ ಬೆಳಕು ನಿಮ್ಮ ಮನೆಯನ್ನು ತಲುಪುತ್ತಿಲ್ಲ ಎಂದು ಅರ್ಥ. ಬೆಳಕು ಸಾಗುವ ಗಾಜಿನ ತಿರುಳಿನ ವ್ಯಾಸ ಸುಮಾರು 9 ಮೈಕ್ರಾನ್. ನಮ್ಮ ತಲೆಗೂದಲಿಗಿಂತ ಎಷ್ಟೋ ಪಾಲು ಸಣ್ಣದು. ನಮ್ಮ ಮಲೆನಾಡಿನಲ್ಲಿ ಈ ಎಳೆಯನ್ನು ವಿದ್ಯುತ್ ಕಂಬದಿಂದ ಅಡಿಕೆ ಮರಕ್ಕೆ, ಅಡಿಕೆ ಮರದಿಂದ ಹಲಸಿನ ಮರಕ್ಕೆ ಬಟ್ಟೆ ಒಣಗಿಸುವ ಹಗ್ಗದಂತೆ ಎಳೆದಿರುತ್ತಾರೆ. ಆಷಾಢದ ಗಾಳಿಗೆ ಕೊಂಬೆಯೊಂದು ಬಿದ್ದರೆ ಮುಗಿಯಿತು. ಕೊಂಬೆಯ ಕೆಳಗೆ ತುಂಡಾದ ಗಾಜು ನನ್ನ ಮನೆಯ ಸ್ವಿಚ್ಚನ್ನು ನೂರು ಬಾರಿ ಒತ್ತಿದರೂ ಕೂಡಿಕೊಳ್ಳುವುದಿಲ್ಲ! ಆ ಎಳೆ ಬೀರುವಿನ ಹಿಂದೆ ಚೂಪಾಗಿ ಮಡಚಿಕೊಂಡಿದ್ದರೂ ಬೆಳಕು ಸೋರಿಹೋಗುತ್ತದೆ. ಅದನ್ನು ಮಾತ್ರ ನಾವೇ ಮೆಲ್ಲಗೆ ಸಡಿಲಿಸಬಹುದು. (ತುಂಡಾದ ತುದಿಯನ್ನು ಕಣ್ಣಿನ ಬಳಿ ಹಿಡಿದು ಯಾರೂ ನೋಡಬೇಡಿ. ಅದರಲ್ಲಿ ಸಾಗುವುದು ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಬೆಳಕು; ಕಾಣದೆಯೇ ಕಣ್ಣಿಗೆ ಕೇಡು ಮಾಡಬಲ್ಲದು.)

ಕೆಂಪು ದೀಪವಿಲ್ಲದೆ ಪಾನ್ ಎಂಬ ಹಸಿರು ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಗಾಜಿನ ಎಳೆ ಸರಿಯಾಗಿದೆ, ದೋಷ ಬೇರೆಡೆ. ಇಲ್ಲಿ ಬಹುಮಂದಿ ಎಡವುತ್ತಾರೆ. “ವೈಫೈ ಪೂರ್ತಿ ಇದೆ ಸರ್, ಆದರೂ ನೆಟ್ ಇಲ್ಲ” ಎನ್ನುತ್ತಾರೆ. ಫೋನಿನಲ್ಲಿ ಕಾಣುವ ಆ ಗೆರೆಗಳು ಅಳೆಯುವುದು ಫೋನಿಗೂ ಪೆಟ್ಟಿಗೆಗೂ ನಡುವಿನ ರೇಡಿಯೋ ಸಂಪರ್ಕವನ್ನು ಮಾತ್ರ. ಪೆಟ್ಟಿಗೆಯ ಆಚೆಗಿನ ಸುದ್ದಿ ಅವಕ್ಕಿಲ್ಲ. ಗಣಕಯಂತ್ರವಿರುವವರು ಪಿಂಗ್ ಎಂಬ ಆಜ್ಞೆಯನ್ನು ಬಳಸಬಹುದು. 1983ರ ಡಿಸೆಂಬರಿನಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ತಜ್ಞ, ತನ್ನ ಪ್ರಯೋಗಾಲಯದ ಜಾಲದಲ್ಲಿ ತಲೆದೋರಿದ ತೊಡಕನ್ನು ಪತ್ತೆಹಚ್ಚಲೆಂದು ಇದನ್ನು ಬರೆದ. ಜಲಾಂತರ್ಗಾಮಿಯ ಸೋನಾರ್ ಮಾಡುವ ಸದ್ದಿನ ಹೆಸರನ್ನೇ ಅದಕ್ಕೆ ಇಟ್ಟ. ಕೂಗಿ ನೋಡುವುದು, ಮರುದನಿಗೆ ಕಿವಿಗೊಡುವುದು. ಇಷ್ಟೇ ಅದರ ತತ್ತ್ವ. ಪೆಟ್ಟಿಗೆಯ ವಿಳಾಸ (ಬಹಳ ಕಡೆ 192.168.1.1) ಉತ್ತರಿಸಿದರೆ ಮೊದಲನೆಯ ತುಂಡು ಸರಿ. 8.8.8.8 ಉತ್ತರಿಸಿದರೆ ಹೊರಲೋಕದವರೆಗೂ ದಾರಿ ಸರಿ. ಇಷ್ಟಾಗಿಯೂ ಹೆಸರು ಬರೆದು ಕರೆದ ತಾಣ ತೆರೆಯದಿದ್ದರೆ, ಹೆಸರನ್ನು ಅಂಕಿಯ ವಿಳಾಸವಾಗಿ ಮಾರ್ಪಡಿಸುವ ಡಿ.ಎನ್.ಎಸ್. ವ್ಯವಸ್ಥೆ ಕೈಕೊಟ್ಟಿದೆ ಎಂದು ಊಹಿಸಬಹುದು. ಮೂರು ಕೂಗು, ಐದು ನಿಮಿಷ.

ಆಫ್-ಆನ್ ಸಂಪೂರ್ಣ ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಪೆಟ್ಟಿಗೆಯೊಳಗೆ ಇರುವುದೂ ಒಂದು ಪುಟ್ಟ ಗಣಕವೇ. ಅದರ ಸ್ಮೃತಿ ಗೊಂದಲಕ್ಕೀಡಾದಾಗ ಈ ಉಪಾಯ ಫಲಿಸುತ್ತದೆ. ನನ್ನ ಆಕ್ಷೇಪ, ದೀಪಗಳನ್ನು ನೋಡುವ ಮೊದಲೇ ಇದನ್ನು ಮಾಡಿಸುವುದಕ್ಕೆ. ದೋಷದ ಕುರುಹುಗಳೆಲ್ಲ ಅಳಿಸಿಹೋದ ಮೇಲೆ ರೋಗ ಯಾವುದೆಂದು ಯಾರು ಹೇಳಬೇಕು?

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಸಂಪರ್ಕ ಒಂಬತ್ತು ದಿನ ಇರಲಿಲ್ಲ. ಎಲ್.ಓ.ಎಸ್. ಕೆಂಪಾಗಿದೆ, ಎಳೆ ಕಡಿದಿದೆ ಎಂದು ನಾನು ಮೊದಲ ದಿನವೇ ತಿಳಿಸಿದೆ. ನಾಲ್ಕು ಕರೆಗಳಲ್ಲಿ ನಾಲ್ಕು ಬಾರಿಯೂ ಅದೇ ಮಂತ್ರೋಪದೇಶವಾಯಿತು. ಐದನೆಯ ದಿನ “ನಿಮ್ಮ ದೂರನ್ನು ಪರಿಹರಿಸಲಾಗಿದೆ” ಎಂಬ ಸಂದೇಶ ಬಂತು. ದೀಪ ಕೆಂಪಾಗಿಯೇ ಇತ್ತು. ಕರೆ ಸ್ವೀಕರಿಸಿದ ಮಕ್ಕಳನ್ನು ನಾನು ದೂರುವುದಿಲ್ಲ. ಬರೆದುಕೊಟ್ಟದ್ದನ್ನು ಓದದಿದ್ದರೆ ಅವರಿಗೆ ಸಂಬಳವಿಲ್ಲ. ಆ ಓಲೆಯಲ್ಲಿ “ಯಾವ ದೀಪ ಉರಿಯುತ್ತಿದೆ?” ಎಂಬ ಪ್ರಶ್ನೆಯನ್ನೇ ಬರೆಯದವರನ್ನು ದೂರುತ್ತೇನೆ. ಗುಣಪಡಿಸುವುದಕ್ಕಿಂತ ದೂರನ್ನು ಮುಚ್ಚುವುದು ಅಗ್ಗ.

ಇದನ್ನು ಮುದುಕನ ಸಿಡುಕು ಎಂದುಕೊಳ್ಳಬೇಡಿ. ಕಣಿವೆಯ ಎಷ್ಟೋ ಮನೆಗಳಿಗೆ ಮೊಬೈಲ್ ಗೋಪುರದ ತರಂಗ ತಲುಪುವುದಿಲ್ಲ. ಅಲ್ಲಿ ಫೋನ್ ಮಾತಾಡುವುದೇ ಮನೆಯ ವೈಫೈ ಮೂಲಕ. ಅಂತರ್ಜಾಲ ಹೋಯಿತೆಂದರೆ ದೂರವಾಣಿಯೂ ಹೋಯಿತು. ದೂರು ಕೊಡಲು ಗುಡ್ಡ ಹತ್ತಬೇಕು! ಇಬ್ಬರೇ ಇರುವ ಮನೆಯಲ್ಲಿ ನಡುರಾತ್ರಿ ಒಬ್ಬರಿಗೆ ಎದೆನೋವು ಬಂದರೆ ಇನ್ನೊಬ್ಬರು ಟಾರ್ಚು ಹಿಡಿದು ಮಳೆಯಲ್ಲಿ ಗುಡ್ಡ ಹತ್ತಬೇಕೆ?

ಕಾನೂನು ನಮ್ಮ ಪರವಾಗಿಯೇ ಇದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ ಕೊಡಬೇಕು, ಪ್ರತಿ ಕಂಪನಿಯಲ್ಲೂ ಮೇಲ್ಮನವಿಗೆ ಏರ್ಪಾಡಿರಬೇಕು. 2024ರ ಆಗಸ್ಟಿನಲ್ಲಿ ಅದು ಹೊರಡಿಸಿದ ನಿಯಮಗಳ ಪ್ರಕಾರ ಸ್ಥಿರ ಸಂಪರ್ಕದ ದೋಷ ಮೂರು ದಿನ ಮೀರಿದರೆ ಗ್ರಾಹಕನಿಗೆ ಪರಿಹಾರ ಸಲ್ಲಬೇಕು. ದೂರಸಂಪರ್ಕದ ವ್ಯಾಜ್ಯಗಳನ್ನೂ ಗ್ರಾಹಕ ಆಯೋಗಕ್ಕೆ ಒಯ್ಯಬಹುದೆಂದು 2022ರ ಫೆಬ್ರುವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಆದರೆ “ನೆಟ್ ಇಲ್ಲ” ಎಂದಷ್ಟೇ ಹೇಳಿದವನ ದೂರಿಗೂ, “ಇಂಥ ದಿನ ಇಷ್ಟು ಗಂಟೆಯಿಂದ ಎಲ್.ಓ.ಎಸ್. ಕೆಂಪು, ಡಾಕೆಟ್ ಸಂಖ್ಯೆ ಇಂಥದ್ದು” ಎಂದು ಬರೆದಿಟ್ಟವನ ದೂರಿಗೂ ಅಂತರವಿದೆ. ದೀಪದ ಛಾಯಾಚಿತ್ರವನ್ನೂ ತೆಗೆದಿಟ್ಟುಕೊಳ್ಳಿ.

ಕಂಪನಿಗಳಲ್ಲಿ ದೊಡ್ಡ ಹುದ್ದೆಗಳಲ್ಲಿರುವ ನನ್ನ ಶಿಷ್ಯರೇ, ಪೆಟ್ಟಿಗೆಯ ಬೆನ್ನಿಗೆ ಕನ್ನಡದಲ್ಲಿ ನಾಲ್ಕು ಸಾಲು ಅಚ್ಚುಹಾಕಿಸಲು ನಿಮಗೆ ಎಷ್ಟು ಖರ್ಚಾದೀತು? ಉಳಿದವರು ಮುಂದಿನ ಸಲ ಊರಿಗೆ ಬಂದಾಗ ಪೆಟ್ಟಿಗೆಯನ್ನು ನೀವೇ ಸರಿಪಡಿಸಿ ಹೊರಟುಹೋಗಬೇಡಿ. ಅಮ್ಮನನ್ನು ಎದುರಿಗೆ ಕೂರಿಸಿ, ಗಾಜಿನ ಎಳೆಯನ್ನು ಬಿಚ್ಚಿ ಕೆಂಪು ದೀಪ ತೋರಿಸಿ. ಮತ್ತೆ ಸಿಕ್ಕಿಸಿ ಹಸಿರು ತೋರಿಸಿ. ಅವರ ಕೈಯಿಂದಲೇ ಒಂದು ಕಾಗದದ ಮೇಲೆ ಬರೆಸಿ ಪಕ್ಕದ ಗೋಡೆಗೆ ಅಂಟಿಸಿ. ನಮ್ಮ ಬೀದಿಯ ಏಳು ಮನೆಗಳಲ್ಲಿ ಆ ಕಾಗದ ಈಗಾಗಲೇ ಇದೆ. ಪ್ರತಿ ಬೇಕಾದವರು ವಿಳಾಸ ತಿಳಿಸಿದರೆ ಅಂಚೆಯಲ್ಲಿ ಕಳುಹಿಸುತ್ತೇನೆ.